ನಡಾವಳಿಗೆ ಸೇರದೆ ಹೋದ ಪ್ರಶ್ನೆ: ಸ್ವತಂತ್ರ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಸ್ವತಂತ್ರ ನಿರ್ದೇಶಕರು,
ನಾನು ದುಡಿದ, ಈಗಲೂ ಷೇರು ಇಟ್ಟುಕೊಂಡಿರುವ ಕಂಪನಿ,
ಬೆಂಗಳೂರು.

ಮಾನ್ಯರೇ,

ತಮ್ಮಲ್ಲಿ ಇಬ್ಬರಿಗೆ ನನ್ನ ಮುಖ ನೆನಪಿದ್ದರೂ ಇರಬಹುದು. ಪೀಣ್ಯದ ಕಚೇರಿಯ ಎರಡನೇ ಮಹಡಿಯಲ್ಲಿ ಮಂಡಳಿ ಸಭೆ ನಡೆಯುವಾಗ ಕಂಪನಿ ಕಾರ್ಯದರ್ಶಿಯ ಬೆನ್ನ ಹಿಂದೆ, ಗೋಡೆಗೆ ಒತ್ತಿದ ಕುರ್ಚಿಯಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತಿದ್ದವನು ನಾನು. 1987ರಲ್ಲಿ ಸ್ಟೆನೋಗ್ರಾಫರ್ ಆಗಿ ಸೇರಿ 2018ರಲ್ಲಿ ನಿವೃತ್ತನಾದೆ. ಕಂಪನಿ ಷೇರುಪೇಟೆಗೆ ಬಂದಾಗ ನೌಕರರಿಗೆಂದು ಕೊಟ್ಟ ಇನ್ನೂರು ಷೇರುಗಳನ್ನು ಮಾರದೆ ಹಾಗೆಯೇ ಇಟ್ಟುಕೊಂಡಿದ್ದೇನೆ. ಆದ್ದರಿಂದ ಇದನ್ನು ಹಳೆಯ ನೌಕರನ ಗೊಣಗಾಟವೆಂದು ಬದಿಗಿಡುವ ಹಾಗಿಲ್ಲ. ಕಂಪನಿ ನಡೆಸುವ ಕುಟುಂಬಕ್ಕಾಗಲಿ ಆಡಳಿತಕ್ಕಾಗಲಿ ಸೇರದ ನಿರ್ದೇಶಕರಾದ್ದರಿಂದ, ಇನ್ನೂರು ಷೇರಿನ ಮಟ್ಟಿಗಾದರೂ ತಾವು ನನ್ನ ಪರವಾಗಿ ಆ ಮೇಜಿನ ಮುಂದೆ ಕುಳಿತವರು.

ಕಂಪನಿಯ ಹೆಸರು ಬರೆದಿಲ್ಲ. ತಮಗೆ ಗೊತ್ತಾಗುತ್ತದೆ. ಬೇರೆ ಕಂಪನಿಗಳ ನಿರ್ದೇಶಕರು ಇದನ್ನು ಓದಿ, ‘ನಮ್ಮದರ ಬಗ್ಗೆಯೇ ಬರೆದಿದ್ದಾನೋ ಏನೋ’ ಎಂದು ಒಂದು ಗಳಿಗೆ ಅನುಮಾನಪಟ್ಟರೆ ನಷ್ಟವೇನೂ ಇಲ್ಲ.

2017ರ ಆಗಸ್ಟ್ ತಿಂಗಳ ಸಭೆಯನ್ನು ನೆನಪಿಸಿಕೊಳ್ಳಿ. ಲೆಕ್ಕಪರಿಶೋಧನಾ ಸಮಿತಿ ಬೆಳಿಗ್ಗೆ ಹತ್ತಕ್ಕೆ ಸೇರಿ ಹತ್ತೂಕಾಲಿಗೆ ಎದ್ದಿತ್ತು. ಹತ್ತೂವರೆಗೆ ಮಂಡಳಿ ಸಭೆ. ಪ್ರತಿ ಕುರ್ಚಿಯ ಮುಂದೆ ಒಂದು ಕಡತ, ಕಡತದ ಒಳಜೇಬಿನಲ್ಲಿ ಸಭಾ ಭತ್ಯೆಯ ಚೆಕ್ ಇದ್ದ ಬಿಳಿ ಲಕೋಟೆ. ಆ ಲಕೋಟೆಗಳನ್ನು ಇಟ್ಟವನೂ ನಾನೇ. ಹನ್ನೊಂದನೆಯ ವಿಷಯವಾಗಿ ನೆಲಮಂಗಲದ ಕಡೆಯ ಗೋದಾಮಿನ ಬಾಡಿಗೆ ಒಪ್ಪಂದದ ನವೀಕರಣ ಬಂತು. ಗೋದಾಮು ಪ್ರವರ್ತಕರ, ಅಂದರೆ ಕಂಪನಿ ಕಟ್ಟಿ ಹಿಡಿತದಲ್ಲಿಟ್ಟುಕೊಂಡವರ, ಕುಟುಂಬದ ಪಾಲುದಾರಿಕೆ ಸಂಸ್ಥೆಯದು. ಚದರ ಅಡಿಗೆ 14 ರೂಪಾಯಿ ಇದ್ದ ಬಾಡಿಗೆಯನ್ನು 31 ರೂಪಾಯಿಗೆ ಏರಿಸುವ ಪ್ರಸ್ತಾವ. ಆ ಟಿಪ್ಪಣಿ ಕಡತದಲ್ಲಿ ಮುಂಚಿತವಾಗಿ ಕಳುಹಿಸಿದ್ದಲ್ಲ. ಅಂದು ಬೆಳಿಗ್ಗೆ ಮೇಜಿನ ಮೇಲೆ ಹಂಚಿದ್ದು, ಒಂದೇ ಹಾಳೆ.

ಅಧ್ಯಕ್ಷರು, ಅವರೇ ವ್ಯವಸ್ಥಾಪಕ ನಿರ್ದೇಶಕರೂ ಹೌದು, ‘ಇದರಲ್ಲಿ ನನಗೆ ಹಿತಾಸಕ್ತಿ ಇದೆ, ನಾನು ಹೊರಗಿರುತ್ತೇನೆ’ ಎಂದು ಎದ್ದರು. ಕಾನೂನು ಪಾಲನೆಯಾಯಿತು. ಆದರೆ ಅವರು ಹೋಗಿ ನಿಂತದ್ದು ಬಾಗಿಲ ಹೊರಗೆ, ಬಾಗಿಲು ಅರ್ಧ ತೆರೆದೇ ಇತ್ತು. ಮೊಬೈಲಿನಲ್ಲಿ ಮಾತನಾಡುತ್ತಿದ್ದ ಅವರ ಧ್ವನಿ ನನ್ನ ಕುರ್ಚಿಯವರೆಗೆ ಕೇಳುತ್ತಿತ್ತು.

ಆಗ ಒಬ್ಬರೇ ಒಬ್ಬರು ಬಾಯಿ ಬಿಟ್ಟರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ 2014ರಲ್ಲಿ ತಮ್ಮ ಸಾಲಿಗೆ ಸೇರಿದವರು. ಕನ್ನಡಕ ತೆಗೆದು ಹಾಳೆಯ ಮೇಲಿಟ್ಟು ಕೇಳಿದರು: “ಅದರ ಪಕ್ಕದ ಗೋದಾಮಿಗೆ ಎಷ್ಟು ಬಾಡಿಗೆ?”

ಯಾರೂ ಉತ್ತರ ಕೊಡಲಿಲ್ಲ. ಹಣಕಾಸು ಮುಖ್ಯಸ್ಥರು ಕಾರ್ಯದರ್ಶಿಯ ಮುಖ ನೋಡಿದರು, ಕಾರ್ಯದರ್ಶಿ ಹಾಳೆಯನ್ನು ತಿರುವಿ ನೋಡಿದರು, ಹಿಂಬದಿ ಖಾಲಿ. ಅಷ್ಟರಲ್ಲಿ ವಡೆ, ಕಾಫಿ ಬಂತು. ಹನ್ನೆರಡನೆಯ ವಿಷಯಕ್ಕೆ ಹೋದೆವು.

ಆ ಪ್ರಶ್ನೆ ನನ್ನ ಶೀಘ್ರಲಿಪಿಯಲ್ಲಿ ದಾಖಲಾಗಿತ್ತು. ಸಭೆಯ ಅಧಿಕೃತ ದಾಖಲೆಯಾದ ಬೆರಳಚ್ಚಿಸಿದ ನಡಾವಳಿಯಲ್ಲಿ ಇಲ್ಲ. ಅಲ್ಲಿರುವುದು ನಾನು ಮೂವತ್ತೊಂದು ವರ್ಷ ಟೈಪು ಮಾಡಿದ ಅದೇ ವಾಕ್ಯ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುವುದಾದರೆ, ‘ವಿವರವಾಗಿ ಚರ್ಚಿಸಿದ ಬಳಿಕ ಮಂಡಳಿಯು ಸರ್ವಾನುಮತದಿಂದ ಅಂಗೀಕರಿಸಿತು’. ತಮಗೆ ಈಗ ಹೇಳಿಬಿಡುತ್ತೇನೆ, ಹೆಚ್ಚಿನ ಸಭೆಗಳಿಗೆ ಆ ವಾಕ್ಯವನ್ನು ನಾನು ಮೂರು ದಿನ ಮೊದಲೇ ಟೈಪು ಮಾಡಿ ಇಟ್ಟಿರುತ್ತಿದ್ದೆ. ಸಭೆ ಮುಗಿದ ಹೊತ್ತನ್ನು ತುಂಬಲು ಮಾತ್ರ ಜಾಗ ಬಿಟ್ಟಿರುತ್ತಿದ್ದೆ. ಪ್ರಶ್ನೆಯನ್ನು ಸೇರಿಸಬೇಕೇ ಎಂದು ಅಂದು ಕಾರ್ಯದರ್ಶಿಯವರನ್ನು ನಾನು ಕೇಳಬಹುದಿತ್ತು. ಕೇಳಲಿಲ್ಲ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು, ಗ್ರಾಚ್ಯುಟಿ ಬರಬೇಕಿತ್ತು. ಇದರಲ್ಲಿ ನನ್ನ ಪಾಲಿನ ತಪ್ಪನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ ಕೇಳಿದವರ ಐದು ವರ್ಷದ ಅವಧಿ 2019ಕ್ಕೆ ಮುಗಿಯಿತು. ಎರಡನೇ ಅವಧಿಗೆ ಷೇರುದಾರರ ವಿಶೇಷ ನಿರ್ಣಯ ಬೇಕು. ಅವರ ಜತೆಯಲ್ಲೇ ಅವಧಿ ಮುಗಿಸಿದ ಇನ್ನೊಬ್ಬರ ಹೆಸರು ಆ ವರ್ಷದ ನೋಟಿಸಿನಲ್ಲಿತ್ತು, ಇವರದು ಕಾರ್ಯಸೂಚಿಗೇ ಬರಲಿಲ್ಲ. ವಾರ್ಷಿಕ ವರದಿಯಲ್ಲಿ ‘ಅವರ ಅಮೂಲ್ಯ ಮಾರ್ಗದರ್ಶನಕ್ಕೆ ಕೃತಜ್ಞತೆ’ ಎಂದು ಎರಡು ಸಾಲು ಇತ್ತು.

ಗೋದಾಮಿನ ಬಾಡಿಗೆ ಎಷ್ಟು ಮಹಾ, ಅದಕ್ಕೊಂದು ಬಹಿರಂಗ ಪತ್ರವೇ ಎಂದು ತಮಗೆ ಅನ್ನಿಸಬಹುದು. ಮೊತ್ತ ಚಿಕ್ಕದೇ. ಷೇರುದಾರರ ಮತಕ್ಕೆ ಹೋಗಬೇಕಾದ ಮಿತಿಯ ಹತ್ತಿರವೂ ಅದು ಬರುವುದಿಲ್ಲ. ಹಾಗಾಗಿಯೇ ಅದು ತಮ್ಮ ಮೇಜಿನ ಮೇಲೇ ಮುಗಿಯುತ್ತದೆ. ನನ್ನ ಕಣ್ಣಿಗೆ ಬೀಳಲು ವಾರ್ಷಿಕ ವರದಿಯ ಕೊನೆಯ ಪುಟಗಳ ಟಿಪ್ಪಣಿಗಳಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಹುಡುಕಬೇಕು. ದೊಡ್ಡ ವ್ಯವಹಾರವನ್ನು ನೋಡಲು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಇದೆ, ಪತ್ರಿಕೆಗಳಿವೆ, ದೊಡ್ಡ ಹೂಡಿಕೆದಾರರ ವಕೀಲರಿದ್ದಾರೆ. ಚಿಕ್ಕದನ್ನು ನೋಡಲು ತಮ್ಮನ್ನು ಬಿಟ್ಟರೆ ಯಾರೂ ಇಲ್ಲ.

ನನ್ನ ತಂದೆ ಚಿಕ್ಕಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಕಿರ್ದಿ, ಖಾತಾವಣಿ ಬರೆಯುವುದು ಅವರ ಕೆಲಸ. ಅಂಗಡಿಗೆ ಇಬ್ಬರು ಪಾಲುದಾರರು. ಹಿರಿಯರು ಮಗಳ ಮದುವೆಗೆಂದು ಏಳು ಸೀರೆ ತೆಗೆದಿಟ್ಟುಕೊಂಡ ದಿನ, ಗಲ್ಲಾದ ಬಳಿ ಬಂದು ‘ಇದನ್ನು ನನ್ನ ಹೆಸರಿಗೆ ಬರೆಯಿರಿ, ಗಿರಾಕಿಗೆ ಹಾಕುವ ಬೆಲೆಯನ್ನೇ ಹಾಕಿ’ ಎಂದರಂತೆ. ಬರೆದ ಪುಟವನ್ನು ಕಿರಿಯ ಪಾಲುದಾರರಿಗೆ ತೋರಿಸಿ ಅವರ ಸಹಿಯನ್ನೂ ಹಾಕಿಸಿದರಂತೆ. ಸಂಬಂಧವನ್ನು ಬಾಯಿಬಿಟ್ಟು ಹೇಳುವುದು, ಹೊರಗಿನವರಿಗೆ ಹಾಕುವ ದರವನ್ನೇ ಹಾಕುವುದು, ಲಾಭವಿಲ್ಲದವರಿಂದ ಒಪ್ಪಿಗೆ ಪಡೆಯುವುದು. 2013ರ ಕಂಪನಿ ಕಾಯ್ದೆಯ 177, 184, 188ನೇ ಕಲಮುಗಳನ್ನು ಎಷ್ಟೋ ಸಲ ಟೈಪು ಮಾಡಿದ್ದೇನೆ. ಆ ಏಳು ಸೀರೆಯ ಲೆಕ್ಕಕ್ಕಿಂತ ಹೆಚ್ಚಿನದೇನೂ ಅವುಗಳಲ್ಲಿ ನನಗೆ ಕಂಡಿಲ್ಲ. ಕಂಪನಿ ಆಡಳಿತ ಎಂಬುದು ವಿದೇಶದಿಂದ ಬಂದ ಹೊಸ ವಿದ್ಯೆ ಎಂಬ ಹಾಗೆ ನಮ್ಮ ಅಧ್ಯಕ್ಷರು ಭಾಷಣ ಮಾಡುವಾಗಲೆಲ್ಲ ನನಗೆ ಆ ಗಲ್ಲಾ ಪೆಟ್ಟಿಗೆ ನೆನಪಾಗುತ್ತಿತ್ತು.

ಸಣ್ಣದು ಹಾಗೆಯೇ ಇದ್ದುಬಿಡುವುದಿಲ್ಲ ಎನ್ನುವುದಕ್ಕೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಉದಾಹರಣೆ ತಮಗೆ ನನಗಿಂತ ಚೆನ್ನಾಗಿ ಗೊತ್ತು. 2008ರ ಡಿಸೆಂಬರ್ 16ರಂದು, ಪ್ರವರ್ತಕರ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳುವ ಪ್ರಸ್ತಾವ ಆ ಮಂಡಳಿಯ ಮುಂದೆ ಬಂತು. ಮಂಡಳಿಯಲ್ಲಿ ಇದ್ದವರು ಸಾಮಾನ್ಯರಲ್ಲ: ಹೆಸರಾಂತ ಪ್ರಾಧ್ಯಾಪಕರು, ದೇಶದ ಮಾಜಿ ಸಂಪುಟ ಕಾರ್ಯದರ್ಶಿ. ಮೇಟಾಸ್ ಎನ್ನುವುದು ಸತ್ಯಂ ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ತಿರುವಿ ಬರೆದದ್ದು. ಗುಟ್ಟು ಹೆಸರಿನಲ್ಲೇ ಇತ್ತು. ಆದರೂ ಸರ್ವಾನುಮತದ ಒಪ್ಪಿಗೆ ಸಿಕ್ಕಿತು. ಹೂಡಿಕೆದಾರರು ರೊಚ್ಚಿಗೆದ್ದ ಮೇಲೆ, ಕೆಲವೇ ಗಂಟೆಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. 2009ರ ಜನವರಿ 7ರಂದು ಅಧ್ಯಕ್ಷರ ತಪ್ಪೊಪ್ಪಿಗೆಯ ಪತ್ರ ಹೊರಬಿದ್ದಾಗ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ ಎಂದು ತಿಳಿಯಿತು. ಅದಕ್ಕೆ ಕೆಲವೇ ತಿಂಗಳ ಮೊದಲು ಅದೇ ಕಂಪನಿಗೆ ಉತ್ತಮ ಕಂಪನಿ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಸಿಕ್ಕಿತ್ತು, ಆಮೇಲೆ ವಾಪಸ್ ಪಡೆದರು. ನಮ್ಮ ಕಂಪನಿಯ ಸ್ವಾಗತ ಕೊಠಡಿಯ ಗಾಜಿನ ಕಪಾಟಿನಲ್ಲೂ ಸಾಲಾಗಿ ಪ್ರಶಸ್ತಿಗಳಿವೆ ಎಂಬುದನ್ನು ಸುಮ್ಮನೆ ನೆನಪಿಸುತ್ತೇನೆ.

ಹೈದರಾಬಾದಿನ ಮಾತು ನಮಗೇಕೆ ಎನ್ನುವುದಾದರೆ ಮನೆಗೇ ಬರೋಣ. ಕಾಫಿ ಡೇ ನಮ್ಮವರೆಲ್ಲ ಹೆಮ್ಮೆಪಟ್ಟ ಕಂಪನಿ. ಏಳು ಅಂಗಸಂಸ್ಥೆಗಳಿಂದ ಪ್ರವರ್ತಕರ ಕಡೆಯ ಕಾಫಿ ತೋಟದ ಕಂಪನಿಗೆ 3,535 ಕೋಟಿ ರೂಪಾಯಿ ಹೋಗಿದೆ ಎಂದು ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿ 26 ಕೋಟಿ ದಂಡ ಹಾಕಿತು. 2019ರಲ್ಲಿ ನೇತ್ರಾವತಿಯ ದಡದಲ್ಲಿ ಆದದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ, ಅದರ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಆದರೆ ಅಷ್ಟು ಹಣ ಹೋಗುವಾಗ ಮಂಡಳಿಗಳ ಕಡತಗಳಲ್ಲಿ ಏನು ಬರೆದಿದ್ದಿರಬಹುದು ಎಂದು ನನ್ನಂಥ ಟೈಪಿಸ್ಟ್‌ಗೆ ಅನ್ನಿಸದೇ ಇರುವುದಿಲ್ಲ.

ತಮಗೆ ಅಧಿಕಾರವಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಮಂಡಳಿಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಸ್ವತಂತ್ರ ನಿರ್ದೇಶಕರಿರಬೇಕು ಎಂದು ಕಾಯ್ದೆ ಹೇಳುತ್ತದೆ. ಲೆಕ್ಕಪರಿಶೋಧನಾ ಸಮಿತಿಯಲ್ಲಿ ಮೂರರಲ್ಲಿ ಎರಡು ಪಾಲು ತಾವೇ ಇರಬೇಕು ಎಂದು ಸೆಬಿಯ ನಿಯಮ ಹೇಳುತ್ತದೆ. ಪ್ರವರ್ತಕರ ಕುಟುಂಬದಂಥ ‘ಸಂಬಂಧಿತ ಪಕ್ಷ’ಗಳ ಜತೆಗಿನ ವಹಿವಾಟಿಗೆ ಆ ಸಮಿತಿಯಲ್ಲಿ ಸ್ವತಂತ್ರ ನಿರ್ದೇಶಕರು ಮಾತ್ರ ಒಪ್ಪಿಗೆ ಕೊಡಬೇಕು ಎಂಬ ನಿಯಮ 2022ರಿಂದ ಜಾರಿಯಲ್ಲಿದೆ. ಕಾಯ್ದೆಯ ನಾಲ್ಕನೇ ಅನುಸೂಚಿ ತಮಗಾಗಿಯೇ ಬರೆದದ್ದು. ಕಂಪನಿ ನಡೆಯುವ ರೀತಿಯ ಬಗ್ಗೆ ತಮಗೆ ಆತಂಕವಿದ್ದು ಅದು ಬಗೆಹರಿಯದೆ ಹೋದರೆ, ಅದನ್ನು ನಡಾವಳಿಯಲ್ಲಿ ದಾಖಲಿಸುವಂತೆ ಪಟ್ಟು ಹಿಡಿಯಬೇಕು ಎಂದು ಅಲ್ಲಿದೆ. ಕೇಳಿದರೆ ಸಾಲದು, ಪಟ್ಟು ಹಿಡಿಯಬೇಕು.

ಇನ್ನು ನಡಾವಳಿಯ ವಿಷಯ, ನನ್ನ ಕಸುಬಿನದು, ಸ್ವಲ್ಪ ಬಿಡಿಸಿ ಹೇಳಲು ಅವಕಾಶ ಕೊಡಿ. ಕಾರ್ಯಸೂಚಿಯ ಟಿಪ್ಪಣಿಗಳು ಸಭೆಗೆ ಏಳು ದಿನ ಮೊದಲು ತಮ್ಮ ಕೈ ಸೇರಬೇಕು. ಸಭೆಯಾದ ಹದಿನೈದು ದಿನದೊಳಗೆ ನಡಾವಳಿಯ ಕರಡು ತಮಗೆ ಬರುತ್ತದೆ. ಅದಕ್ಕೆ ತಿದ್ದುಪಡಿ ಹೇಳಲು ತಮಗೆ ಏಳು ದಿನ ಇದೆ. ಮೂವತ್ತು ದಿನದೊಳಗೆ ಅದು ನಡಾವಳಿ ಪುಸ್ತಕಕ್ಕೆ ಏರುತ್ತದೆ. ಒಮ್ಮೆ ಏರಿ ಸಹಿಯಾದರೆ ಮುಗಿಯಿತು, ಅದೇ ಪುರಾವೆ. ನನ್ನ ಅಷ್ಟು ವರ್ಷದ ಸೇವೆಯಲ್ಲಿ ಕರಡಿನ ಮೇಲೆ ನಿರ್ದೇಶಕರಿಂದ ಬಂದ ತಿದ್ದುಪಡಿಗಳಲ್ಲಿ ಹೆಚ್ಚಿನವು ಅವರ ಹೆಸರಿನ ಹಿಂದಿನ ‘ಡಾ.’ ಬಿಟ್ಟುಹೋದದ್ದಕ್ಕೆ. ಒಬ್ಬರು ತಮ್ಮ ಪದ್ಮ ಪ್ರಶಸ್ತಿಯನ್ನು ನಮೂದಿಸಿಲ್ಲ ಎಂದು ಎರಡು ಸಲ ಪತ್ರ ಬರೆದಿದ್ದರು. (ಪ್ರಶಸ್ತಿಯನ್ನು ಹೆಸರಿನ ಜತೆ ಬಿರುದಿನಂತೆ ಬಳಸುವ ಹಾಗಿಲ್ಲ ಎಂದು ಕಾರ್ಯದರ್ಶಿ ಉತ್ತರ ಬರೆಯಲು ಪಟ್ಟ ಪಾಡನ್ನು ನಾನೇ ನೋಡಿದ್ದೇನೆ.) ‘ನಾನು ಕೇಳಿದ ಪ್ರಶ್ನೆ ಇದರಲ್ಲಿಲ್ಲ’ ಎಂದು ಬರೆದವರು ಒಬ್ಬರೂ ಇಲ್ಲ. ಬ್ಯಾಂಕಿನ ಆ ಹಿರಿಯರೂ ಬರೆಯಲಿಲ್ಲ ಎಂಬುದು ನನಗೆ ಇಂದಿಗೂ ಬೇಸರದ ವಿಷಯ.

ತಾವು ಮಾತ್ರ, ಆಡಳಿತದವರು ಯಾರೂ ಇಲ್ಲದೆ, ವರ್ಷಕ್ಕೆ ಒಮ್ಮೆಯಾದರೂ ಪ್ರತ್ಯೇಕವಾಗಿ ಸೇರಬೇಕು ಎಂಬ ನಿಯಮವೂ ಇದೆ. ನಮ್ಮಲ್ಲಿ ಅದು ನಡೆಯುತ್ತಿದ್ದುದು ಅಧ್ಯಕ್ಷರ ಅತಿಥಿಗೃಹದಲ್ಲಿ, ಅಧ್ಯಕ್ಷರು ಏರ್ಪಡಿಸಿದ ಊಟದ ಮೊದಲ ಇಪ್ಪತ್ತು ನಿಮಿಷ. ಅಲ್ಲಿಂದ ಬರುತ್ತಿದ್ದ ಟಿಪ್ಪಣಿಯೂ ಅಷ್ಟೇ: ಅಧ್ಯಕ್ಷರ ಕಾರ್ಯವೈಖರಿ ಅತ್ಯುತ್ತಮ.

ಅಂತೆಯೇ ಅಕ್ರಮದ ಬಗ್ಗೆ ನೌಕರರು ದೂರು ಕೊಡುವ ವ್ಯವಸ್ಥೆ. ಗೋಡೆಯ ಮೇಲೆ ಫಲಕವಿದೆ, ಇ-ಮೇಲ್ ವಿಳಾಸವಿದೆ. ಆ ವಿಳಾಸಕ್ಕೆ ಬಂದದ್ದನ್ನು ಮೊದಲು ಓದುವವರು ಮಾನವ ಸಂಪನ್ಮೂಲ ವಿಭಾಗದವರು, ಆ ವಿಭಾಗದ ಮುಖ್ಯಸ್ಥರು ಪ್ರವರ್ತಕರ ಸೋದರಳಿಯ. ದೂರುಗಳು ಶೂನ್ಯ ಎಂದು ಪ್ರತಿವರ್ಷ ವರದಿಯಲ್ಲಿ ಅಚ್ಚಾಗುತ್ತದೆ. ತಾವು ಅದನ್ನು ಓದಿ ಸಂತೋಷಪಡುತ್ತೀರಿ. ನೇರವಾಗಿ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರನ್ನು ತಲುಪುವ ದಾರಿ ಇರಬೇಕು ಎಂದು ಕಾಯ್ದೆಯಲ್ಲೇ ಇದೆ. ಆ ದಾರಿ ಎಲ್ಲಿದೆ ಎಂದು ಕಾರ್ಖಾನೆಯ ಗೇಟಿನಲ್ಲಿ ಯಾರನ್ನಾದರೂ ಕೇಳಿ ನೋಡಿ.

ಕಳೆದ ಸೆಪ್ಟೆಂಬರ್‌ನ ವಾರ್ಷಿಕ ಮಹಾಸಭೆಯ ಸಂಗತಿಯನ್ನೂ ಹೇಳಬೇಕು. 2020ರಲ್ಲಿ ಕೊರೊನಾ ಕಾರಣಕ್ಕೆ ವಿಡಿಯೊ ಸಭೆಗೆ ಸರ್ಕಾರ ಅನುಮತಿ ಕೊಟ್ಟಿತು. ಕಾಯಿಲೆ ಹೋಯಿತು, ನಮ್ಮ ಕಂಪನಿಯಲ್ಲಿ ವಿಡಿಯೊ ಉಳಿಯಿತು. ಮೊದಲಾದರೆ ಸಭಾಂಗಣಕ್ಕೆ ಹೋಗುತ್ತಿದ್ದೆವು. ತಿಂಡಿ ಪೊಟ್ಟಣಕ್ಕಾಗಿ ಬರುವವರು ಎಂದು ನಮ್ಮನ್ನು ಹಾಸ್ಯ ಮಾಡುತ್ತಿದ್ದದ್ದು ಗೊತ್ತು, ಪೊಟ್ಟಣ ಚೆನ್ನಾಗಿಯೇ ಇರುತ್ತಿತ್ತು. ಆದರೆ ಎದ್ದು ನಿಂತವನನ್ನು ಕೂರಿಸಲು ಅಧ್ಯಕ್ಷರಿಗೆ ಸ್ವಲ್ಪ ಮುಜುಗರವಾಗುತ್ತಿತ್ತು. ಈಗ ಮುಂಚಿತವಾಗಿ ಹೆಸರು ನೋಂದಾಯಿಸಿ, ಮೊಮ್ಮಗಳ ಲ್ಯಾಪ್‌ಟಾಪ್ ಮುಂದೆ ಇಸ್ತ್ರಿ ಶರ್ಟು ಹಾಕಿ ಕುಳಿತೆ. ನನ್ನ ಸರದಿ ಬಂತು. ‘ಸಂಬಂಧಿತ ಪಕ್ಷಗಳಿಗೆ ಕೊಟ್ಟ ಬಾಡಿಗೆಯ ಬಗ್ಗೆ…’ ಎನ್ನುವಷ್ಟರಲ್ಲಿ ಧ್ವನಿ ನಿಂತಿತು. ತೆರೆಯ ಮೇಲೆ ತುಟಿ ಅಲ್ಲಾಡಿಸುತ್ತಿರುವ ನನ್ನ ಮುಖವೇ ನನಗೆ ಕಾಣುತ್ತಿತ್ತು. ‘ತಾಂತ್ರಿಕ ತೊಂದರೆ, ಮುಂದಿನವರು’ ಎಂದಿತು ಆಚೆಯ ದನಿ. ಪಕ್ಕದ ಚೌಕಗಳಲ್ಲಿ ತಾವೂ ಇದ್ದಿರಿ. ಪ್ರಶ್ನೆಗೆ ಇ-ಮೇಲ್‌ನಲ್ಲಿ ಉತ್ತರ ಕಳುಹಿಸುತ್ತೇವೆ ಎಂದರು. ಇನ್ನೂ ಬಂದಿಲ್ಲ.

ಈಗ ನನ್ನ ಬೇಡಿಕೆಗಳು. ಮೇಜಿನ ಮೇಲೆ ಅಂದೇ ಹಂಚಿದ ಹಾಳೆಯ ಮೇಲೆ ಕುಟುಂಬದ ವಹಿವಾಟಿಗೆ ಒಪ್ಪಿಗೆ ಕೊಡಬೇಡಿ, ಮುಂದಿನ ಸಭೆಗೆ ಹಾಕಿ ಎನ್ನಿ. ವರ್ಷಕ್ಕೆ ನಾಲ್ಕು ಸಭೆ ಕಡ್ಡಾಯವಾಗಿ ಇದ್ದೇ ಇವೆ, ಗೋದಾಮು ಎಲ್ಲಿಗೂ ಓಡಿಹೋಗುವುದಿಲ್ಲ. ಆ ಗೋದಾಮಿನ ಬಾಡಿಗೆಯನ್ನು ಕಂಪನಿಗೆ ಸಂಬಂಧವಿಲ್ಲದ ಮೌಲ್ಯಮಾಪಕರಿಂದ ಅಳೆಯಿಸಿ. 2017ರಿಂದ ಹೆಚ್ಚು ಕೊಟ್ಟಿದ್ದರೆ ವಸೂಲಿಗೆ ಸಮಿತಿಯಿಂದಲೇ ಶಿಫಾರಸು ಹೋಗಲಿ, ಸರಿಯಾದದ್ದನ್ನೇ ಕೊಟ್ಟಿದ್ದರೆ ಹಾಗೆಂದು ಬರೆದು ತಿಳಿಸಿ, ನಾನು ಕ್ಷಮೆ ಕೇಳಿ ಸುಮ್ಮನಾಗುತ್ತೇನೆ. ತಾವು ಕೇಳಿದ ಪ್ರಶ್ನೆಯೂ ಅದಕ್ಕೆ ಬಂದ ಉತ್ತರವೂ, ಉತ್ತರ ಬಾರದಿದ್ದರೆ ಬಾರದ ಸಂಗತಿಯೂ ನಡಾವಳಿಯಲ್ಲಿ ಇರಲಿ. ದೂರಿನ ಪತ್ರಗಳು ಸೋದರಳಿಯನ ಮೇಜಿನ ಮೇಲೆ ಹಾಯದೆ ಸಮಿತಿಯ ಅಧ್ಯಕ್ಷರಿಗೆ ಬರುವಂತೆ ಮಾಡಿ.

ಅಧ್ಯಕ್ಷ ಮತ್ತು ವ್ಯವಸ್ಥಾಪಕ ನಿರ್ದೇಶಕರ ಹುದ್ದೆಗಳನ್ನು ದೊಡ್ಡ ಕಂಪನಿಗಳಲ್ಲಿ ಬೇರೆ ಮಾಡಬೇಕೆಂಬ ನಿಯಮವನ್ನು 2022ರ ಫೆಬ್ರುವರಿಯಲ್ಲಿ ಸೆಬಿ ಐಚ್ಛಿಕ ಮಾಡಿಬಿಟ್ಟಿತು. ಕೈಗಾರಿಕೆಯವರ ಒತ್ತಡಕ್ಕೆ ಮಣಿದದ್ದು ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ಐಚ್ಛಿಕವಾದದ್ದನ್ನು ಮಾಡಬಾರದೆಂದೇನೂ ಇಲ್ಲವಲ್ಲ. ಸ್ವತಂತ್ರ ನಿರ್ದೇಶಕರ ಬಗ್ಗೆ 2003ರಲ್ಲಿ ಸೆಬಿಗೆ ವರದಿ ಕೊಟ್ಟ ಸಮಿತಿಯ ಮುಖ್ಯಸ್ಥರಾಗಿದ್ದವರು ನಮ್ಮದೇ ಊರಿನ ನಾರಾಯಣ ಮೂರ್ತಿಯವರು. ಈ ಊರಿನ ಕಂಪನಿಯಲ್ಲಿ ಇಷ್ಟಾದರೂ ಕೇಳಬಾರದೇ?

ಇದೊಂದೂ ಸಾಧ್ಯವಾಗದಿದ್ದರೆ ರಾಜೀನಾಮೆ ಕೊಡಿ. ಕೊಡುವಾಗ ‘ವೈಯಕ್ತಿಕ ಕಾರಣ’ ಎಂದು ಬರೆಯಬೇಡಿ. ವಿವರವಾದ ಕಾರಣ ಕೊಡಬೇಕು, ಅದರ ಹೊರತು ಬೇರೆ ಮುಖ್ಯ ಕಾರಣವಿಲ್ಲ ಎಂದು ದೃಢೀಕರಿಸಬೇಕು ಎಂದು ಸೆಬಿಯೇ ಹೇಳಿದೆ. 2023ರ ಜೂನ್‌ನಲ್ಲಿ ಬೈಜೂಸ್ ಕಂಪನಿಯ ಲೆಕ್ಕಪರಿಶೋಧಕರು ಲೆಕ್ಕಪತ್ರಗಳೇ ಕೈಗೆ ಬರುತ್ತಿಲ್ಲ ಎಂದು ಬರೆದಿಟ್ಟು ಹೊರನಡೆದರು. ಅದೇ ಹೊತ್ತಿಗೆ ಹೂಡಿಕೆದಾರರ ಕಡೆಯ ಮೂವರು ನಿರ್ದೇಶಕರೂ ಮಂಡಳಿ ಬಿಟ್ಟರು. ಒಳಗೆ ಏನೋ ಸರಿಯಿಲ್ಲ ಎಂದು ಹೊರಗಿನವರಿಗೆ ಗಟ್ಟಿಯಾಗಿ ತಿಳಿದದ್ದು ಆಗಲೇ. ಕೋಲೆ ಬಸವನ ಹಾಗೆ ತಲೆಯಾಡಿಸಿ, ಎರಡು ಅವಧಿಯ ಹತ್ತು ವರ್ಷ ಮುಗಿಸಿ, ಶಾಲು ಹೊದ್ದು ಹೋಗುವುದಕ್ಕಿಂತ ಒಂದು ಪುಟದ ಪತ್ರ ಬರೆದು ಹೋದರೆ ನನ್ನಂಥವನಿಗೆ ಹೆಚ್ಚು ಉಪಕಾರ.

ಈ ಸಲದ ಮಹಾಸಭೆಗೂ ಮಾತನಾಡುವವರ ಪಟ್ಟಿಯಲ್ಲಿ ಹೆಸರು ಕೊಡುತ್ತೇನೆ. ಮೂರು ನಿಮಿಷ ಧ್ವನಿ ಬಿಡುವಂತೆ ತಾವು ಯಾರಾದರೂ ಒಬ್ಬರು ಮುಂಚಿತವಾಗಿ ಕಾರ್ಯದರ್ಶಿಯವರಿಗೆ ಹೇಳಿಡಬೇಕೆಂದು ಕೋರುತ್ತೇನೆ. ಪ್ರಶ್ನೆ ಆ ಬ್ಯಾಂಕ್ ಅಧಿಕಾರಿಯವರದೇ, ನಾನು ಬರೆದುಕೊಂಡ ಹಾಗೆಯೇ ಓದುತ್ತೇನೆ. ಕನ್ನಡದಲ್ಲಿ ಓದುತ್ತೇನೆ. ನಡಾವಳಿಗೆ ಇಂಗ್ಲಿಷ್ ಬೇಕಿದ್ದರೆ ಅದನ್ನೂ ಟೈಪು ಮಾಡಿ ಜತೆಗೆ ಕಳುಹಿಸುತ್ತೇನೆ, ಕಾರ್ಯದರ್ಶಿಯ ಕಚೇರಿಯವರು ಶ್ರಮಪಡಬೇಕಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸ್ಟೆನೋಗ್ರಾಫರ್, ಇನ್ನೂರು ಷೇರುಗಳ ಒಡೆಯ,
ಬೆಂಗಳೂರು